ಮೆಟ್ಟಿಲ ಕೆಳಗಿನ ಸೈಕಲ್ಲು

ಪರಿಸರದ ಬಗ್ಗೆ ಮಾತಾಡುವವರನ್ನು ನಾನು ನಂಬುವುದಿಲ್ಲ. ಬಹಳ ವರ್ಷ ಅದೇ ಮಾತಾಡಿ ಅನ್ನ ತಿಂದವನು ನಾನೇ ಆದ್ದರಿಂದ ಈ ಅಪನಂಬಿಕೆ ನನಗೆ ಸ್ವಂತ ದುಡಿಮೆಯಿಂದ ಬಂದದ್ದು. ಲಕ್ಷ್ಮೀಪುರಂನ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಪೈಪು ಹಿಡಿದು ಗೇಟಿನ ಮುಂದೆ ಧಾರಾಳವಾಗಿ ನೀರು ಬಿಡುವವರು ನನ್ನನ್ನು ಕಂಡ ಕೂಡಲೇ ನಲ್ಲಿ ನಿಲ್ಲಿಸಿ, "ನಮಸ್ಕಾರ ಡಾಕ್ಟ್ರೇ" ಎನ್ನುತ್ತಾರೆ. ನಾನು ತಿರುವು ದಾಟಿದ ಮೇಲೆ ಮತ್ತೆ ಬಿಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೆಂದರೂ ಅವರು ನನಗಿಂತ ಪ್ರಾಮಾಣಿಕರು. ಅವರು ನೀರು ಚೆಲ್ಲುವುದಕ್ಕೆ ಯಾವ ದೇಶದಿಂದಲೂ ಸಂಬಳ ಬರುವುದಿಲ್ಲ.

ತೊಂಬತ್ತರ ದಶಕದ ಬಹುಪಾಲನ್ನು ನಾನು ಪಿಎಚ್.ಡಿ. ಮಾಡುವುದರಲ್ಲಿ ಕಳೆದೆ. ಹಳ್ಳಿ ಶಾಲೆಗಳಲ್ಲಿ ಪರಿಸರ ಪಾಠ ಹೇಗೆ ನಡೆಯುತ್ತದೆ ಎಂಬುದು ವಿಷಯ. ನಡೆಯುವುದಿಲ್ಲ ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಒಂದು ಸಾಲಿಗೆ ಡಾಕ್ಟರೇಟು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಸಂತೇಪೇಟೆಯ ತಮ್ಮ ಅಂಗಡಿಗೆ ಓಡಾಡಲು ನಮ್ಮಪ್ಪ ಬಳಸಿ ಬಿಟ್ಟಿದ್ದ ಹಳೆಯ ಸೈಕಲ್ಲೇರಿ, ಪ್ರಶ್ನಾವಳಿಯ ಕಟ್ಟನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡು, ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತಿದೆ. ಕ್ಯಾರಿಯರು ಖಾಲಿ ಇದ್ದ ದಿನ ನಮ್ಮ ಗೈಡ್ ಮೇಷ್ಟ್ರ ಮನೆಯ ರಾಗಿಯನ್ನು ಮಿಲ್ಲಿಗೆ ಒಯ್ಯುತ್ತಿದ್ದೆ. ಸಂಶೋಧನೆಯ ನಿಜವಾದ ವಿಧಾನ ಅದೇ ಎಂದು ವಿಭಾಗದ ಹಿರಿಯ ಸಂಶೋಧಕರು ಮೊದಲೇ ಹೇಳಿದ್ದರು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಗಿರಿಜೆ, "ಯಾವಾಗ ಮುಗಿಯತ್ತೆ?" ಎಂದು ಕೇಳುತ್ತಿದ್ದಳು. ಆಮೇಲೆ, "ಮುಗಿಯತ್ತಾ?" ಎಂದು ಕೇಳತೊಡಗಿದಳು. ಕೊನೆಗೆ ಕೇಳುವುದನ್ನೇ ಬಿಟ್ಟಳು. ಆ ವರ್ಷವೇ ಪ್ರಬಂಧ ಮುಗಿಯಿತು.

ಡಾಕ್ಟರಾದ ಮೇಲೆ ಎರಡು ವರ್ಷ ಯಾರೂ ನನ್ನನ್ನು ಕ್ಯಾರೇ ಅನ್ನಲಿಲ್ಲ. ಹೀಗಿರುವಾಗ ಒಂದು ವಿಚಾರಸಂಕಿರಣದಲ್ಲಿ, ಊಟಕ್ಕೆ ಮುಂಚಿನ ಆಕಳಿಕೆಯ ಹೊತ್ತಿನಲ್ಲಿ, ನಾನು ಶಾಲೆಗಳಿಗೆಲ್ಲ ಸೈಕಲ್ಲಿನಲ್ಲೇ ಹೋಗಿದ್ದೆ ಎಂದು ಹೇಳಿದೆ. ಬಸ್ಸಿಗೆ ಕಾಸಿರಲಿಲ್ಲ ಎಂಬ ಕಾರಣವನ್ನು ಸಮಯದ ಅಭಾವದಿಂದ ಹೇಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಲ್ಗಾ ಎಂಬ ವಿದೇಶಿ ಮಹಿಳೆ ಚಪ್ಪಾಳೆ ತಟ್ಟಿದರು. ಆಕೆ ಮೂರು ದೇಶಗಳ ಶಾಲೆಗಳಲ್ಲಿ ಸುಸ್ಥಿರ ಬದುಕಿನ ಪಾಠ ಕಲಿಸುವ ದೊಡ್ಡ ಯೋಜನೆಯೊಂದರ ಮೇಲ್ವಿಚಾರಕಿ. ಕೆಲವೇ ತಿಂಗಳಲ್ಲಿ ಆ ಯೋಜನೆಯ ಇಲ್ಲಿನ ಆಫೀಸಿಗೆ ನಾನು ಮುಖ್ಯಸ್ಥನಾದೆ. ಅದು ಇದ್ದದ್ದು ವಿಜಯನಗರದ ಹೊಸ ಬಡಾವಣೆಯಲ್ಲಿ. ಮೊದಲ ದಿನ ಸೈಕಲ್ಲಿನಲ್ಲೇ ಹೋಗಿ ಸೇರಿದೆ. ಸಂಜೆ ಹೊರಗೆ ಬಂದಾಗ ಬಾಗಿಲಲ್ಲಿ ಬಿಳಿಯ ಕಾರು ನಿಂತಿತ್ತು. ಪಕ್ಕದಲ್ಲಿ ಬಿಳಿಯ ಸಮವಸ್ತ್ರ ತೊಟ್ಟ ಡ್ರೈವರ್ ಮಾದೇವ. ಯೋಜನೆಯ ಮುಖ್ಯಸ್ಥರಿಗೆ ಕಾರು ಇರಲೇಬೇಕೆಂದು ಮಂಜೂರಾಗಿತ್ತಂತೆ. ಸೈಕಲ್ಲು ತುಳಿದದ್ದಕ್ಕೆ ಬಹುಮಾನವಾಗಿ ಕಾರು ಕೊಡುವ ಬುದ್ಧಿ ಪರಿಸರವಾದಿಗಳಿಗೆ ಮಾತ್ರ ಬರಲು ಸಾಧ್ಯ. ನಾನು ಕಾರಿನಲ್ಲಿ ಮನೆಗೆ ಬಂದೆ. ಸೈಕಲ್ಲು ಆಫೀಸಿನ ಮೆಟ್ಟಿಲ ಕೆಳಗೇ ಉಳಿಯಿತು.

ಮುಂದಿನ ವಾರ ಆತ್ಮಸಾಕ್ಷಿಯ ಕಾಟ ತಡೆಯಲಾರದೆ, "ನಾಳೆಯಿಂದ ಕಾರು ಬೇಡಪ್ಪ, ನಾನು ಸೈಕಲ್ಲಲ್ಲಿ ಓಡಾಡ್ತೀನಿ" ಎಂದೆ. ಮಾದೇವನ ಮುಖ ಸಣ್ಣದಾಯಿತು.

"ಯಾಕ್ ಸಾ, ನನ್ ಡ್ರೈವಿಂಗು ಸರಿ ಇಲ್ವಾ? ನೀವು ಸೈಕಲ್ ತುಳ್ಕಂಡು ಓಡಾಡಿದ್ರೆ ನಾನ್ಯಾಕ್ ಸಾ ಬೇಕು? ಇದೊಂದ್ ಕೆಲ್ಸ ನಂಬ್ಕಂಡು ಮಗಳ್ನ ಇಂಗ್ಲಿಷ್ ಇಸ್ಕೂಲ್ಗೆ ಆಕ್ಬುಟ್ಟಿವ್ನಿ."

ಮನೆಯಲ್ಲಿ ಹೇಳಿದರೆ ಗಿರಿಜೆ, "ಅವನ ಹೊಟ್ಟೆ ಮೇಲೆ ಹೊಡೀಬೇಡಿ ಕಣ್ರೀ, ಪರಿಸರ ಉಳಿಸೋಕೆ ಬೇರೆಯವರಿದ್ದಾರೆ" ಎಂದಳು. ಬೇರೆಯವರು ಯಾರೂ ಇಲ್ಲ, ಆ ಕೆಲಸಕ್ಕೆ ಸಂಬಳ ಕೊಟ್ಟು ಇಟ್ಟಿರುವುದು ನನ್ನನ್ನೇ ಎಂದು ಅವಳಿಗೆ ನೆನಪಿಸುವ ಧೈರ್ಯವಾಗಲಿಲ್ಲ. ಹೀಗೆ ಒಬ್ಬ ಮನುಷ್ಯನ ಅನ್ನ ಉಳಿಸುವ ಸಲುವಾಗಿ ನಾನು ದಿನವೂ ಕಾರಿನಲ್ಲಿ ಕೂತು, ಪೆಟ್ರೋಲು ಉಳಿಸಿರೆಂದು ಮಕ್ಕಳಿಗೆ ಹೇಳಲು ಹೋಗತೊಡಗಿದೆ. ನಿಜ ಹೇಳಬೇಕೆಂದರೆ ಒಂದು ತಿಂಗಳಿಗೆಲ್ಲ ಆ ಕಾರಿನ ಹಿಂದಿನ ಸೀಟು ನನ್ನ ಬೆನ್ನಿಗೆ ಚೆನ್ನಾಗಿ ಒಗ್ಗಿತು. ಮಾದೇವ ಮಹಾ ಜಂಬಗಾರ. ಹಳ್ಳಿ ಶಾಲೆಯ ಗೇಟು ಕಂಡ ಕೂಡಲೇ ಹಾರನ್ ಒತ್ತಿ ಹಿಡಿಯುತ್ತಿದ್ದ. ನಾನು ಒಳಗೆ ಶಬ್ದಮಾಲಿನ್ಯದ ಪಾಠ ಮಾಡುವಾಗ ಅವನು ಹೊರಗೆ ಮಕ್ಕಳಿಗೆ ಎ.ಸಿ.ಯ ಗಾಳಿ ತೋರಿಸುತ್ತಿದ್ದ. ಮಕ್ಕಳಿಗೆ ಯಾವ ಪಾಠ ನೆನಪಿದೆಯೋ ನಾನು ವಿಚಾರಿಸಲು ಹೋಗಿಲ್ಲ.

ಮೂರನೆಯ ವರ್ಷದ ದಸರಾಕ್ಕೆ ಹೆಲ್ಗಾ ಬಂದರು. ಹಿಂದಿನ ದಿನವಷ್ಟೇ ಆಯುಧಪೂಜೆ. ಮಾದೇವ ಕಾರನ್ನು ಮದುಮಗನಂತೆ ಸಿಂಗರಿಸಿ, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದಿದ್ದ. ಮಿಕ್ಕಿದ ಸೇವಂತಿಗೆ ಹಾರದ ತುಂಡನ್ನು ಮೆಟ್ಟಿಲ ಕೆಳಗಿನ ಸೈಕಲ್ಲಿಗೆ ಸುತ್ತಿ ವಿಭೂತಿ ಹಚ್ಚಿದ್ದ. "ಅದೂ ಗಾಡಿನೇ ಅಲ್ವಾ ಸಾ, ಬೇಜಾರ್ ಮಾಡ್ಕತದೆ." ಹೆಲ್ಗಾ ಆಫೀಸಿಗೆ ಬಂದದ್ದು ಅದೇ ಕಾರಿನಲ್ಲಿ. ಆದರೆ ಕಾರಿನೊಳಗೆ ಕೂತವರಿಗೆ ಕಾರಿನ ಹೂವು ಕಾಣುವುದಿಲ್ಲ. ಇಳಿದ ಕೂಡಲೇ ಅವರಿಗೆ ಕಂಡದ್ದು ಹೂ ಮುಡಿದು ನಿಂತ ಸೈಕಲ್ಲು.

"ನೀವು ಸೈಕಲ್ಲನ್ನು ಪೂಜಿಸುತ್ತೀರಾ!" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಇಲ್ಲಿ ನಾವು ಸ್ಪ್ಯಾನರನ್ನೂ ಪೂಜಿಸುತ್ತೇವೆ, ಹೊಲಿಗೆ ಯಂತ್ರವನ್ನೂ ಪೂಜಿಸುತ್ತೇವೆ ಎಂದು ವಿವರಿಸಲು ನೋಡಿದೆ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನಾನು ಅದರ ಮೇಲೆ ಕೂತ ಫೋಟೋ ಬೇಕೆಂದು ಕ್ಯಾಮೆರಾ ತೆಗೆದೇ ಬಿಟ್ಟರು. ಎರಡು ಟೈರುಗಳೂ ಗಾಳಿಯಿಲ್ಲದೆ ನೆಲಕ್ಕೆ ಅಂಟಿಕೊಂಡಿದ್ದವು. ಮಾದೇವ ನನ್ನ ಮಾನ ಕಾಪಾಡಲು ಚಕ್ರಗಳ ಮುಂದೆ ಕ್ರೋಟನ್ ಗಿಡದ ಎರಡು ಕುಂಡಗಳನ್ನಿಟ್ಟ. ನಾನು ಪೆಡಲಿನ ಮೇಲೆ ಎರಡೂ ಕಾಲಿಟ್ಟು ಕೂತು ನಕ್ಕೆ. ಬೀಳದಂತೆ ಹಿಂದಿನಿಂದ ಕ್ಯಾರಿಯರನ್ನು ಬಿಗಿಯಾಗಿ ಹಿಡಿದುಕೊಂಡವನೂ ಮಾದೇವನೇ.

ಆ ಫೋಟೋ ವಾರ್ಷಿಕ ವರದಿಯ ಮುಖಪುಟದಲ್ಲಿ ಬಂತು. ಮಾದೇವನನ್ನು ಕತ್ತರಿಸಿ ಹಾಕಿದ್ದರು. ಅಂಚಿನಲ್ಲಿ ಕ್ಯಾರಿಯರ್ ಹಿಡಿದ ಅವನ ಬೆರಳುಗಳಷ್ಟೇ ಉಳಿದಿದ್ದವು. ಅವನಿಗೆ ಅದೇ ಸಂಭ್ರಮ. ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋಗಿ ಕೆಸರೆಯ ತನ್ನ ಬೀದಿಗೆಲ್ಲ ತೋರಿಸಿದ. "ನನ್ ಬೆಳ್ಳು ಫಾರಿನ್ನಲ್ಲಿ ಪ್ರಿಂಟಾಗದೆ ಸಾ" ಎಂದು ನನಗೂ ಮತ್ತೆ ತೋರಿಸಿದ.

ಎರಡು ತಿಂಗಳ ಮೇಲೆ ಹೆಲ್ಗಾ ಅವರ ಇ-ಮೇಲ್ ಬಂತು. ತಮ್ಮ ಆದರ್ಶದಿಂದ ಸ್ಫೂರ್ತಿಗೊಂಡು ಮೂರೂ ದೇಶಗಳ ಆಫೀಸುಗಳು ವಾಹನಗಳನ್ನು ತ್ಯಜಿಸುತ್ತಿವೆ, ಡ್ರೈವರ್ ಹುದ್ದೆಗಳು ರದ್ದಾಗುತ್ತವೆ, ಅಭಿನಂದನೆಗಳು. ನಾನು ಕೂಡಲೇ ಬರೆದೆ: ಶಾಲೆಗಳು ದೂರ, ದಾರಿ ಕೆಟ್ಟದ್ದು, ನನ್ನ ಮಂಡಿ ಅದಕ್ಕಿಂತ ಕೆಟ್ಟದ್ದು. ಅದೇ ಶಾಲೆಗಳಿಗೆ ತಾವು ಸೈಕಲ್ಲಿನಲ್ಲೇ ಹೋಗಿದ್ದಿರೆಂದು ತಮ್ಮ ಮಹಾಪ್ರಬಂಧದ ಮೂರನೆಯ ಅಧ್ಯಾಯದಲ್ಲಿದೆಯಲ್ಲ ಎಂದು ಉತ್ತರ ಬಂತು. ನನ್ನ ಮಹಾಪ್ರಬಂಧವನ್ನು ಪೂರ್ತಿ ಓದಿದವರು ಈ ಭೂಮಿಯ ಮೇಲೆ ಅವರೊಬ್ಬರೇ. ನಮ್ಮ ಗೈಡೂ ಓದಿರಲಿಲ್ಲ, ಪರೀಕ್ಷಕರೂ ಓದಿರಲಿಲ್ಲ. ಅದನ್ನು ಓದಿ ಯಾರಿಗಾದರೂ ಉಪಯೋಗವಾಗಲಿ ಎಂದು ಎಷ್ಟು ಹಂಬಲಿಸಿದ್ದೆ! ಕೊನೆಗೆ ಅದು ಉಪಯೋಗವಾದದ್ದು ಕೆಸರೆಯ ಒಬ್ಬ ಡ್ರೈವರನ್ನು ಮನೆಗೆ ಕಳಿಸಲು.

ಫೋಟೋ ಸುಳ್ಳು, ಸೈಕಲ್ಲಿನಲ್ಲಿ ಗಾಳಿಯೇ ಇರಲಿಲ್ಲ ಎಂದೂ ಬರೆದೆ. ನನ್ನ ವಿನಯವನ್ನು ಅವರು ಬಹಳ ಮೆಚ್ಚಿಕೊಂಡರು. ಮಾದೇವನಿಗೆ ಆಫೀಸಿನಲ್ಲೇ ಬೇರೆ ಕೆಲಸ ಕೊಡೋಣವೆಂದು ಬರೆದರೆ, ಅವನ ಓದು ಸಾಲದು ಎಂಬ ಉತ್ತರ ಬಂತು. ಬೇಕಾದರೆ ಸುಸ್ಥಿರ ಜೀವನೋಪಾಯದ ಬಗ್ಗೆ ಅವನಿಗೆ ಒಂದು ದಿನದ ತರಬೇತಿ ಕೊಡಿ ಎಂದರು. ತರಬೇತಿ ಕೊಡಬೇಕಾದವನು ನಾನು! ರಾಜೀನಾಮೆ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. ಮನೆಯಲ್ಲಿ ಆ ಮಾತೆತ್ತಿದಾಗ ಗಿರಿಜೆ ಪಿಎಚ್.ಡಿ.ಯ ದಿನಗಳಲ್ಲಿ ನೋಡುತ್ತಿದ್ದಂತೆ ಒಮ್ಮೆ ನೋಡಿದಳು. ರಾಜೀನಾಮೆಯ ಮಾತನ್ನು ಅಲ್ಲಿಗೇ ಬಿಟ್ಟೆ.

ಮಾದೇವನಿಗೆ ವಿಷಯ ಹೇಳಿದಾಗ ಅವನು ರೇಗಲಿಲ್ಲ. "ಮಗಳು ಇಂಗ್ಲಿಷ್ನಲ್ಲಿ ಮಾತಾಡಕ್ಕೆ ಶುರು ಮಾಡಿತ್ತು ಸಾ" ಎಂದಷ್ಟೇ ಹೇಳಿ ಕಾರು ಒರೆಸಲು ಹೋದ. ಒರೆಸಿದ ಕಾರನ್ನು ಒರೆಸುತ್ತಲೇ ಇದ್ದ.

ಕೊನೆಯ ದಿನ ಸಂಜೆ ಕಾರನ್ನು ಯಾರೋ ಬಂದು ಓಡಿಸಿಕೊಂಡು ಹೋದರು. ನಾನು ಮೆಟ್ಟಿಲ ಕೆಳಗಿನಿಂದ ಸೈಕಲ್ಲನ್ನು ಎಳೆದೆ. ಬೆಳಿಗ್ಗೆಯೇ ಟೈರು ಟ್ಯೂಬು ಹೊಸದು ಹಾಕಿಸಿದ್ದೆ. ಹ್ಯಾಂಡಲಿನಲ್ಲಿ ಆಯುಧಪೂಜೆಯ ಹಾರದ ನಾರು ಇನ್ನೂ ಇತ್ತು. ಕಾಲೆತ್ತಿ ಹಾಕಿ ಹತ್ತಲು ನೋಡಿದರೆ ಮಂಡಿ ಏಳಲಿಲ್ಲ, ಸೈಕಲ್ಲು ವಾಲಿತು. ಸಮವಸ್ತ್ರವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದ ಮಾದೇವನನ್ನು ಅಭ್ಯಾಸ ಬಲದಿಂದ ಕರೆದೆ.

"ಮಾದೇವ, ಒಂಚೂರು ಹಿಂದೆ ಹಿಡ್ಕೊಳಪ್ಪ."

ಅವನು ನನ್ನನ್ನು ನೋಡಿದ, ಸೈಕಲ್ಲನ್ನು ನೋಡಿದ.

"ಇವತ್ತು ಫೋಟೋ ಇಲ್ವಲ್ಲ ಸಾ, ನೀವೇ ಅತ್ಕಳಿ" ಎಂದು ಹೇಳಿ ಬಸ್‌ಸ್ಟಾಪಿನ ಕಡೆ ಹೊರಟ.

ನಾನು ಹತ್ತಲಿಲ್ಲ. ವಿಜಯನಗರದಿಂದ ಲಕ್ಷ್ಮೀಪುರಂವರೆಗೆ ಸೈಕಲ್ಲನ್ನು ತಳ್ಳಿಕೊಂಡೇ ಬಂದೆ. ದಾರಿಯಲ್ಲಿ ಸಿಕ್ಕವರು "ಪಂಕ್ಚರಾ ಸಾರ್?" ಎಂದು ಕೇಳಿದರು, ಹೌದು ಎಂದೆ. ಈಗಲೂ ದಿನಾ ಆಫೀಸಿಗೆ ಅದನ್ನು ತಳ್ಳಿಕೊಂಡೇ ಹೋಗಿ ಬರುತ್ತೇನೆ, ಏಕೆಂದರೆ ಹೆಲ್ಗಾ ಯಾವತ್ತು ಬರುತ್ತಾರೋ ಹೇಳಲಾಗುವುದಿಲ್ಲ. ಇಷ್ಟು ದೊಡ್ಡ ಮನುಷ್ಯ ಎಷ್ಟು ಸರಳ ನೋಡಿ ಎಂದು ನಮ್ಮ ಬೀದಿಯವರು ನಲ್ಲಿ ನಿಲ್ಲಿಸಿ ಕೈಮುಗಿಯುತ್ತಾರೆ. ನಾನೂ ಕೈಮುಗಿಯುತ್ತೇನೆ, ಒಂದೇ ಕೈಯಲ್ಲಿ. ಇನ್ನೊಂದು ಕೈಯಿಂದ ಸೈಕಲ್ಲನ್ನು ನಾನೇ ಹಿಡಿದುಕೊಂಡಿರಬೇಕಲ್ಲ.