ಜರಡಿಗೆ ಬಿದ್ದ ಕುಶಲೋಪರಿ

ಕಸ ಯಾವುದು, ಕಾಳು ಯಾವುದು ಎಂದು ತನಗೆ ಚೆನ್ನಾಗಿ ಗೊತ್ತೆಂಬ ಜಂಬ ಮನುಷ್ಯನಿಗೆ ಒಮ್ಮೆ ಬಂತೆಂದರೆ ಸುಲಭಕ್ಕೆ ಇಳಿಯುವುದಿಲ್ಲ. ನನಗದು ಬಂದದ್ದು ಬೇಲೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಾಗ. ಮನೆ ಅರಸೀಕೆರೆಯಲ್ಲಿ. ಹೊತ್ತು ಮುಳುಗಿದ ಮೇಲೆ ಹಳೇಬೀಡಿನ ದಾರಿಯಾಗಿ ಊರಿಗೆ ಹೋಗಲು ಒಂದೂ ನೇರ ಬಸ್ಸಿರಲಿಲ್ಲ. ಕೊನೆಯ ಪಾಠ ಸ್ವಲ್ಪ ಎಳೆದರೆ ಅವತ್ತು ಮನೆ ಸೇರುವುದು ದೇವರಿಗೇ ಪ್ರೀತಿ. "ಆ ಹೊತ್ತಲ್ಲಿ ಯಾರ್ ಬರ್ತಾರೆ ಮೇಷ್ಟ್ರೇ? ಜನ ಇದಾರೆ ಅಂತ ತೋರ್ಸಿ, ಬಸ್ ಬಿಡ್ತೀವಿ," ಎಂದಿದ್ದರು ಡಿಪೋ ಮ್ಯಾನೇಜರು.

ಅದು ಹುಡುಗರೆಲ್ಲ ಸೈಬರ್ ಕೆಫೆಗೆ ಮುಗಿಬೀಳುತ್ತಿದ್ದ ಕಾಲ. ಬೇಲೂರು, ಹಳೇಬೀಡು, ಅರಸೀಕೆರೆ ಮೂರೂ ಊರಿನವರು ಇಂಟರ್ನೆಟ್ಟಿನಲ್ಲೊಂದು ಬಳಗ ಕಟ್ಟಿಕೊಂಡು ಸಾವಿರಗಟ್ಟಲೆ ಸಂದೇಶ ಬರೆದಿದ್ದರು. ಬಸ್ಸಿನ ಗೋಳೂ ಅಲ್ಲಿರಬೇಕೆಂದು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡೆ. ತೆರೆದರೆ ಎಲ್ಲಿ ನೋಡಿದರೂ "ಊಟ ಆಯ್ತಾ?", "ಏನ್ಲಾ ಸಮಾಚಾರ?", "ಮಳೆ ಬಂತಾ?" ಈ ಗದ್ದಲ ತೆಗೆಯಲು ಒಂದು ಪ್ರೋಗ್ರಾಂ ಬರೆದೆ. ಇಂಥ ಮಾತು ಕಂಡರೆ ಅದು ಇಡೀ ಸಂದೇಶವನ್ನೇ ಎತ್ತಿ ಹೊರಗೆಸೆಯಬೇಕು. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಎಲ್ಲ ಸ್ವಚ್ಛ. ಉಳಿದದ್ದು ಟ್ಯಾಕ್ಸಿಯವರ ಜಾಹೀರಾತು ಮಾತ್ರ! ನಮ್ಮ ಕಡೆ ಯಾರಿಗೂ ಬಸ್ಸು ಬೇಕಿಲ್ಲವೆಂದೇ ವರದಿ ಬರೆಯಬೇಕಾಗಿತ್ತು. ನನಗೆ ಅಳುವೇ ಬಂತು.

ಆ ಭಾನುವಾರ ಗಂಡಸಿ ಎಂಬ ಊರಿನಲ್ಲಿರುವ ಅಕ್ಕ ಫೋನ್ ಮಾಡಿದಳು. "ಊಟ ಆಯ್ತೇನೋ? ಏನ್ ಸಾರು? ನಿನ್ ಹೆಂಡ್ತಿ ಮಂಡಿನೋವು ಹೆಂಗೈತೆ? ನಮ್ ಕೆಂದಹಸ ಕರ ಹಾಕ್ತು ಕಣೋ." ಹೀಗೇ ಬಹಳ ಹೊತ್ತು ಸಾಗಿ, ಇನ್ನೇನು ಫೋನಿಡಬೇಕು, "ಅಂದಂಗೆ ನಾಳೀಕೆ ನಮ್ ಗೀತನ್ನ ನೋಡೋಕೆ ಗಂಡಿನ ಕಡೆಯೋರು ಬತ್ತಾವ್ರೆ. ನೀವಿಬ್ರೂ ಬಂದ್ಬಿಡಿ," ಎಂದಳು.

"ಇದನ್ನ ಮೊದ್ಲೇ ಹೇಳೋಕಾಗಲ್ವೇನಕ್ಕಾ?"

"ಉಂಡ್ಯಾ ಅಂತ ಕೇಳ್ದೆ ಏಕ್ದಂ ವಿಷ್ಯಕ್ಕೆ ಬರೋಕೆ ನಾನೇನ್ ಅಮಲ್ದಾರ್ನೇನೋ?"

ಅಕ್ಕನ ಫೋನಿಗೆ ನನ್ನ ಪ್ರೋಗ್ರಾಂ ಹಾಕಿದ್ದರೆ ಗೀತಳ ಮದುವೆ ಮಾತೇ ತಿಪ್ಪೆ ಸೇರುತ್ತಿತ್ತು! ನೆಗಡಿ ಬಂತೆಂದು ನಾನು ಮೂಗನ್ನೇ ಕೊಯ್ದುಕೊಂಡಿದ್ದೆ. ಗಂಡಸಿಯಿಂದ ವಾಪಸು ಬಂದವನೇ, ಇಡೀ ಸಂದೇಶ ಎಸೆಯದೆ ಕುಶಲಪ್ರಶ್ನೆಯನ್ನಷ್ಟೇ ಕತ್ತರಿಸುವಂತೆ ಪ್ರೋಗ್ರಾಂ ತಿದ್ದಿದೆ. ನೋಡಿದರೆ ಸಂದೇಶಗಳ ಬಾಲದಲ್ಲಿ ಬಸ್ಸೋ ಬಸ್ಸು! ಹಳೇಬೀಡಿನ ಅಂಗಡಿಯವನು ಗೆಳೆಯನ ಅಜ್ಜಿಯ ಆರೋಗ್ಯ ಕೇಳಿ, ಬಾಗಿಲು ಹಾಕುವ ಹೊತ್ತಿಗೆ ಬಸ್ಸೇ ಇಲ್ಲವೆಂದು ಗೋಳಾಡಿದ್ದ. ಇನ್ನೊಬ್ಬಳು ಮಳೆ ಬೆಳೆ ವಿಚಾರಿಸಿದ ಮೇಲೆ, ಅರಸೀಕೆರೆಯ ರಾತ್ರಿ ರೈಲು ತಪ್ಪಿದ್ದನ್ನು ಹೇಳಿಕೊಂಡಿದ್ದಳು. ಇಷ್ಟೊಂದು ಜನ ನನ್ನ ಹಾಗೇ ರಸ್ತೆ ನೋಡುತ್ತ ನಿಂತಿದ್ದಾರೆಂದು ತಿಳಿದು ಖುಷಿಯಾಯಿತು.

ಅಷ್ಟನ್ನೂ ಅಚ್ಚು ಹಾಕಿ ಮ್ಯಾನೇಜರಿಗೆ ಕೊಟ್ಟೆ. ಅವರು ಓದಿ ಮುಗಿಸಿ, "ಊಟ ಆಯ್ತಾ ಮೇಷ್ಟ್ರೇ?" ಎಂದರು. ನಾನು ತಾಳ್ಮೆಯಿಂದ ಕಾದೆ. ವಿಷಯವೂ ಬಂತು: "ಮುಂದಿನ್ ವಾರದಿಂದ ಬಿಡ್ತೀವಿ."

ಮೊದಲ ಸಂಜೆ ಮದುವೆಗಂಡಿನ ಗತ್ತಿನಲ್ಲಿ ನಿಲ್ದಾಣಕ್ಕೆ ಹೋದೆ. ಅಂಗಡಿಯವರು, ನರ್ಸಮ್ಮಂದಿರು, ರೈಲಿಗೆ ಹೊರಟವರು, ಬಾಗಿಲವರೆಗೂ ಜನ. "ಒಳಗ್ ನಡೀರಿ, ಒಳಗ್ ನಡೀರಿ," ಎಂದು ಕಂಡಕ್ಟರ್ ನನ್ನ ಬೆನ್ನಿಗೆ ಕೈ ಹಚ್ಚಿ ನೂಕಿದ. ಈ ಬಸ್ಸಿಗೆ ಜನ ಬಂದೇ ಬರುತ್ತಾರೆಂದು ಸಾಧಿಸಿ ತೋರಿಸಿದ ನಾನು ಅರಸೀಕೆರೆಯವರೆಗೂ ಒಂಟಿಕಾಲಲ್ಲಿ ನಿಂತೇ ಹೋದೆ.