ನನ್ನನ್ನು ಕಳೆದರೆ ಬೊಳ್ಳ

ದೊಡ್ಡ ಜಾತಿಯ ನಾಯಿ ಸಾಕಿದವರ ಮನೆಯಲ್ಲಿ ದಿನಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ಆಗದ ದಿನ ನಾಯಿಗೆ ಜ್ವರ ಎಂದು ತಿಳಿಯಬೇಕು. ನಮ್ಮದು ಲ್ಯಾಬ್ರಡಾರ್. ಮೈ ಬೆಳ್ಳಗಿದೆ ಎಂದು ತುಳುವಿನಲ್ಲಿ ಬೊಳ್ಳ ಎಂದು ಹೆಸರಿಟ್ಟೆವು. ನಾನು ಅಂಬಲಪಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟವನು. ಕೈ ಮೆಷಿನ್ನಿನ ಮೇಲಿದ್ದರೂ ಮನಸ್ಸು ಎಲ್ಲೋ ತೇಲುತ್ತಿರುತ್ತದೆ. ಬೊಳ್ಳನೂ ಹಾಗೆಯೇ. ಮಧ್ಯಾಹ್ನ ನನ್ನ ಕಾಲಬುಡದಲ್ಲಿ ಮಲಗಿ ಕನಸಿನಲ್ಲೇ ಓಡುತ್ತಾನೆ, ಕನಸಿನಲ್ಲೇ ಜಗಿಯುತ್ತಾನೆ. ನಾನು ಹೊಲಿಗೆ ನಿಲ್ಲಿಸಿ ಅದನ್ನೇ ನೋಡುತ್ತಾ ಕೂರುತ್ತೇನೆ.

ಸೊಂಟ

ಕಾರ್ಕಳ ನನ್ನ ಹೆಂಡತಿಯ ತವರು. ಅಲ್ಲಿಗೆ ಹೋದಾಗ ಬೊಳ್ಳನನ್ನು ಊರಿನ ಪಶುವೈದ್ಯೆಗೆ ತೋರಿಸಿದೆವು. ತೂಕ ಮೂವತ್ತನಾಲ್ಕು ಕಿಲೋ ಬಂತು.

"ಇವನಿಗೆ ಸೊಂಟ ಎಲ್ಲಿ ಉಂಟು?" ಎಂದರು ಡಾಕ್ಟರು.

ಕೇಳಿದ್ದು ಸೊಂಟ, ನಾನೋ ದರ್ಜಿ. ಕೊರಳಲ್ಲಿದ್ದ ಟೇಪು ತೆಗೆದು ಸುತ್ತಿಯೇ ಬಿಟ್ಟೆ. "ಉಂಟಲ್ಲ ಡಾಕ್ಟ್ರೇ, ಮೂವತ್ತೆರಡು ಇಂಚು."

ಅವರು ನಗಲಿಲ್ಲ. ದೊಡ್ಡ ಜಾತಿಯ ನಾಯಿಗಳಿಗೆ ಹಿಂಗಾಲಿನ ಕೀಲು ಮೊದಲು ಸೋಲುತ್ತದೆ, ಹೆಚ್ಚಿದ ಒಂದೊಂದು ಕಿಲೋ ಅಲ್ಲಿಯೇ ಕೂರುತ್ತದೆ, ಹೀಗೇ ಬಿಟ್ಟರೆ ಕೆಲವು ವರ್ಷದಲ್ಲಿ ಇವನು ಮೆಟ್ಟಿಲು ಹತ್ತುವುದಿಲ್ಲ ಎಂದರು. ಅವರ ಕಟ್ಟಳೆ: ಅಳತೆ ಮಾಡಿ ಎರಡೇ ಹೊತ್ತು ಊಟ, ಮನೆಯವರು ಉಣ್ಣುವುದು ಯಾವುದೂ ಬೇಡ, ನೀರು ಮಾತ್ರ ಬೇಕಾದಷ್ಟು, ತಿಂಗಳಿಗೊಮ್ಮೆ ತೂಕ ನೋಡಿ ಫೋನಿನಲ್ಲಿ ಹೇಳಬೇಕು.

ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಹೊರಡುವಾಗ ಡಾಕ್ಟರು ಕೇಳಿದರು, "ಆ ಮೂವತ್ತೆರಡು ಯಾಕೆ ಬರೆದುಕೊಂಡಿರಿ? ಪ್ಯಾಂಟು ಹೊಲಿಯಲಿಕ್ಕಾ?"

ನೀರು

ವಾರ ಕಳೆದರೂ ಬೊಳ್ಳನ ಮುಖದಲ್ಲಿ ಹಸಿವಿನ ಸುಳಿವಿಲ್ಲ. ಒಂದು ಬೆಳಿಗ್ಗೆ ಹಿತ್ತಿಲಿಗೆ ಹೋದರೆ ನನ್ನ ತಾಯಿ ಅವನ ಮುಂದೆ ಕುಚ್ಚಲಕ್ಕಿ ಗಂಜಿಯ ಬೋಗುಣಿ ಇಟ್ಟುಕೊಂಡು ಕೂತಿದ್ದಾರೆ.

"ಅಮ್ಮಾ, ನಮ್ಮ ಊಟ ಕೊಡಬಾರದು ಎಂದಿದ್ದಾರಲ್ಲ?"

"ಗಂಜಿ ಊಟವಾ ಮಗಾ? ಅದು ನೀರು. ಬೇಕಾದಷ್ಟು ಕೊಡಿ ಅಂತ ನಿನ್ನ ಡಾಕ್ಟರೇ ಹೇಳಿದ್ದಲ್ವಾ?"

ಬೋಗುಣಿಯ ಪಕ್ಕದಲ್ಲಿ ಸುಟ್ಟ ಒಣಮೀನಿನ ತುಂಡು ಕಂಡಿತು. "ಮತ್ತೆ ಇದೆಂತ?"

"ಬರೀ ನೀರು ಗಂಟಲಲ್ಲಿ ಇಳಿಯುತ್ತದಾ?"

ಉಪದೇಶ

ವ್ಯಾಯಾಮವಾಗಲಿ ಎಂದು ಒಂದು ಭಾನುವಾರ ಸಂಜೆ ಬೊಳ್ಳನನ್ನು ಕಾಪುವಿಗೆ ಕರೆದುಕೊಂಡು ಹೋದೆ. ಓಡಾಡಿ ಸುಸ್ತಾಗಿ ದೀಪಸ್ತಂಭದ ಹತ್ತಿರ ಮರಳಿನ ಮೇಲೆ ಕೂತೆವು. ಸೂರ್ಯ ನೀರಿಗೆ ಹತ್ತಿರವಾಗಿದ್ದ. ಎಲ್ಲವೂ ಮೆತ್ತಗೆ, ದೂರವಾಗಿ ಕಾಣುತ್ತಿತ್ತು. ನಾನು ಕಣ್ಣು ಅರೆಮುಚ್ಚಿ ಬೊಳ್ಳನಿಗೆ ಹೇಳತೊಡಗಿದೆ: ನಾಲಿಗೆ ಗೆದ್ದವನು ಲೋಕ ಗೆದ್ದ, ನಿನ್ನ ಕಷ್ಟ ನನಗೆ ಗೊತ್ತು, ನೀನು ಬಹಳ ದಿನ ನನ್ನ ಜೊತೆ ಇರಬೇಕು ಮಾರಾಯ. ಹೇಳುತ್ತಾ ನನಗೇ ಕಣ್ಣು ತುಂಬಿತು. ತಲೆ ಸವರಿದರೆ ಕೂದಲು ಒರಟು. ತಿರುಗಿ ನೋಡಿದೆ. ಭಕ್ತಿಯಿಂದ ಕೇಳುತ್ತಿದ್ದದ್ದು ಒಂದು ಕಪ್ಪು ಬೀದಿನಾಯಿ.

ಬೊಳ್ಳ ಆಚೆ ಮೀನು ಮಾರುವ ಹೆಂಗಸಿನ ಬುಟ್ಟಿಯ ಬಳಿ ಬಂಗುಡೆ ತಿನ್ನುತ್ತಿದ್ದ.

"ಅಕ್ಕಾ, ಅವನಿಗೆ ಕೊಡಬಾರದಿತ್ತು" ಎಂದೆ.

"ಅಯ್ಯೋ ಅಣ್ಣಾ, ನಿಮ್ಮ ನಾಯಿ ನಿಮ್ಮ ಪಕ್ಕದಲ್ಲೇ ಕೂತಿತ್ತಲ್ಲ? ಇದು ಯಾರೂ ಇಲ್ಲದ್ದು ಅಂತ ಕೊಟ್ಟೆ."

ತೂಕ

ಅದಾದ ಮೇಲೆ ಮನೆಯಲ್ಲಿ ಕಟ್ಟುನಿಟ್ಟು. ಗಂಜಿ ಇಲ್ಲ, ಮೀನಿಲ್ಲ. ಮಣಿಪಾಲದಿಂದ ತೂಕದ ಮೆಷಿನ್ ತಂದೆ. ಬೊಳ್ಳ ಅದರ ಮೇಲೆ ನಿಲ್ಲುವವನಲ್ಲ. ಹಾಗಾಗಿ ನನ್ನ ತೂಕ ನೋಡಿಟ್ಟುಕೊಂಡೆ, ಅರವತ್ತನಾಲ್ಕು. ತಿಂಗಳಿಗೊಮ್ಮೆ ಬೊಳ್ಳನನ್ನು ಎತ್ತಿಕೊಂಡು ನಿಂತು, ಬಂದದ್ದರಲ್ಲಿ ಅರವತ್ತನಾಲ್ಕು ಕಳೆದರೆ ಉಳಿದದ್ದು ಬೊಳ್ಳ.

ಹೆಂಡತಿಗೆ ಅನ್ನ ಚೆಲ್ಲಿ ಅಭ್ಯಾಸವಿಲ್ಲ. ಮೊದಲು ಬೊಳ್ಳನಿಗೆ ಹೋಗುತ್ತಿದ್ದ ಕೊನೆಯ ನೀರುದೋಸೆ, ಮಿಕ್ಕಿದ ಮೀನುಸಾರು, ಒಂದು ಹಿಡಿ ಅನ್ನ ಈಗ ನನ್ನ ತಟ್ಟೆಗೆ ಬಂತು. ಬೊಳ್ಳನ ಒಳ್ಳೆಯದಕ್ಕೆ ಎಂದು ನಾನೂ ಮರುಮಾತಿಲ್ಲದೆ ಉಂಡೆ.

ಆದರೆ ಅವನ ತೂಕ ಇಳಿಯಲಿಲ್ಲ. ಮೂವತ್ತೈದಾಯಿತು, ಮೂವತ್ತಾರಾಯಿತು. ಫೋನಿನಲ್ಲಿ ಕೇಳಿದ ಡಾಕ್ಟರು ಊಟ ಸ್ವಲ್ಪ ಕಡಿಮೆ ಮಾಡಿಸಿದರು. ಬೊಳ್ಳ ಖಾಲಿ ಬೋಗುಣಿಯನ್ನೂ ನನ್ನನ್ನೂ ನೋಡುವಾಗ ನಾನು ಮುಖ ತಿರುಗಿಸುತ್ತಿದ್ದೆ. ಆರನೇ ತಿಂಗಳು ಮೂವತ್ತೆಂಟು! ಅಂಗಡಿಯ ಮೆಟ್ಟಿಲ ಕೆಳಗೆ ಕೂತು ಮೇಲೆ ನೋಡುವ ಬೊಳ್ಳ ಕಣ್ಣಮುಂದೆ ಬಂದ. ತಡೆಯಲಾರದೆ ಹೆಂಡತಿಯನ್ನೂ ಕರೆದುಕೊಂಡು ಕಾರ್ಕಳಕ್ಕೆ ಹೊರಟೆ.

ಡಾಕ್ಟರು ತಮ್ಮ ದೊಡ್ಡ ತಕ್ಕಡಿಯ ಮೇಲೆ ಬೊಳ್ಳನನ್ನು ನಿಲ್ಲಿಸಿದರು. ಮೂವತ್ತೊಂದು. ಕಾಲು ಒತ್ತಿ ನೋಡಿ, "ಕೀಲು ಚೆನ್ನಾಗಿ ಉಂಟು. ಇನ್ನು ಹೆದರಬೇಡಿ" ಎಂದರು. ನನಗೆ ಅಳು ಬಂದುಬಿಟ್ಟಿತು. ಬೊಳ್ಳನನ್ನು ಅಪ್ಪಿಕೊಂಡೇ ಕೇಳಿದೆ, "ಹಾಗಾದರೆ ಮನೆಯಲ್ಲಿ ಮೂವತ್ತೆಂಟು ಬಂದದ್ದು?"

"ಹೇಗೆ ತೂಗಿದಿರಿ?"

ಹೇಳಿದೆ. ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಅರವತ್ತನಾಲ್ಕು ಯಾವಾಗಿನದ್ದು?"

"ಆರು ತಿಂಗಳ ಹಿಂದಿನದ್ದು."

"ಚಪ್ಪಲಿ ಬಿಚ್ಚಿ ನೀವೇ ಹತ್ತಿ."

ಹತ್ತಿದೆ. ಎಪ್ಪತ್ತೊಂದು.

ಡಾಕ್ಟರು ಹೆಂಡತಿಯತ್ತ ತಿರುಗಿ, "ಇನ್ನು ಮಿಕ್ಕಿದ್ದೆಲ್ಲ ಇವರಿಗೆ ಬಡಿಸಬೇಡಿ" ಎಂದರು.

ಅವಳು ನಿಜವಾದ ಚಿಂತೆಯಿಂದಲೇ ಕೇಳಿದಳು, "ಹಾಗಾದರೆ ಡಾಕ್ಟ್ರೇ, ಮಿಕ್ಕಿದ್ದು ಯಾರಿಗೆ ಹಾಕುವುದು?"

ಬೊಳ್ಳ ಎದ್ದು ಅವಳ ಪಕ್ಕಕ್ಕೆ ಹೋಗಿ ನಿಂತ.