ಮಾವನ ದಿಂಬಿಗೆ ಬಿಸಿಲು

ನಮ್ಮ ಮಾವನ ಸ್ಕೂಟರ್ ದೂರದಲ್ಲಿ ಕಂಡರೆ ಸಾಕು, ಬಂಟ್ವಾಳದಿಂದ ಬೆಳ್ತಂಗಡಿಯವರೆಗಿನ ಪಂಕ್ಚರ್ ಅಂಗಡಿಯವರೆಲ್ಲ ಷಟರ್ ಎಳೆದು ಊಟಕ್ಕೆ ಹೋಗಿಬಿಡುತ್ತಾರೆ! ಬೆಳಿಗ್ಗೆ ಹತ್ತು ಗಂಟೆಯಾದರೂ ಸರಿಯೇ. ಜಗಳಗಂಟ ಮನುಷ್ಯ ಇರಬೇಕು ಎಂದುಕೊಂಡಿರಾ? ಛೆ, ಛೆ! ಮೂಡುಬಿದಿರೆಯ ಕಾಲೇಜೊಂದರಲ್ಲಿ ಜೀವಮಾನವಿಡೀ ರಸಾಯನಶಾಸ್ತ್ರ ಕಲಿಸಿ, ನಿವೃತ್ತರಾಗಿ, ಈಗ ಗುರುವಾಯನಕೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇರುವ ಸಾಧು ಪ್ರಾಣಿ. ನನ್ನ ಅಮ್ಮನ ಅಣ್ಣ. ಅವರು ಮಾಡುವ ಅಪರಾಧ ಒಂದೇ, ಸ್ಕೂಟರಿಗೆ ಗಾಳಿ ಹಾಕಿಸುವುದು.

ಅದಕ್ಕೊಂದು ಕ್ರಮ ಉಂಟು. ಓಡಿ ಬಂದ ಟಯರು ಬಿಸಿಯಾಗಿರುತ್ತದೆ, ಬಿಸಿ ಟಯರಿನ ಗಾಳಿ ಅಳೆದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಅದು ತಣಿಯಬೇಕು. ಮಾವ ಅಂಗಡಿಯ ಸ್ಟೂಲು ಎಳೆದು ಪೇಪರ್ ಬಿಡಿಸಿ ಕೂರುತ್ತಾರೆ. ತಾವು ಕೂತರೆ ಹಾಳಾಗಿ ಹೋಗಲಿ, ಬಂದ ಗಿರಾಕಿಗಳನ್ನೂ ಕೂರಿಸುತ್ತಾರೆ! ಒಮ್ಮೆ ಅಂಗಡಿಯ ಯಜಮಾನ ಬ್ಯಾರಿ ಕೈ ಮುಗಿದೇ ಬಿಟ್ಟರು.

"ಮಾಷ್ಟ್ರೇ, ನಿಮ್ಮ ಟಯರಿಗೆ ಜ್ವರ ಬಿಡುವವರೆಗೆ ನನ್ನ ಗಿರಾಕಿಗಳನ್ನು ಎಂತಕ್ಕೆ ಕಟ್ಟಿ ಹಾಕ್ತೀರಿ ಮಾರಾಯ್ರೆ?"

"ಕೂತರೆ ಅವರಿಗೂ ಸ್ವಲ್ಪ ವಿಜ್ಞಾನ ಬರ್ತದೆ," ಎಂದರು ಮಾವ, ಪೇಪರಿನಿಂದ ತಲೆಯೆತ್ತದೆ.

ಇಂಥ ಮಾವನನ್ನು ಈ ಚಳಿಗಾಲದಲ್ಲಿ ದುಬೈಗೆ ಕಳಿಸಬೇಕಾಗಿ ಬಂತು. ಅವರ ಒಬ್ಬಳೇ ಮಗಳಿಗೆ ಅಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಅತ್ತೆ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ತಾಯಿಯಿಲ್ಲದ ಬಾಣಂತನ, ಅಪ್ಪನಾದರೂ ಬಂದು ಮಗುವಿನ ಮುಖ ನೋಡಬೇಡವೇ? ಮಗಳು ಫೋನಿನಲ್ಲಿ ಅತ್ತಳು. ಅಳಿಯ ಟಿಕೇಟು ಮಾಡಿಸಿಯೇಬಿಟ್ಟ. ಮಾವ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ವಿಮಾನ ಮೇಲೆ ಹೋದ ಹಾಗೆ ಒತ್ತಡ ಬದಲಾಗ್ತದೆ. ಅಲ್ಲಿ ನನ್ನ ನಿಯಮ ನಡೆಯುವುದಿಲ್ಲ."

ಕೇಳಿದಿರಾ ಕಾರಣ! "ಅಣ್ಣನಿಗೆ ಹೆದರಿಕೆ, ಬೇರೆ ಎಂತದ್ದೂ ಅಲ್ಲ," ಎಂದರು ಅಮ್ಮ.

ಆ ನಿಯಮ ಏನೆಂದು ಹೇಳದಿದ್ದರೆ ನಿಮಗೆ ಮುಂದಿನ ಕತೆ ತಿಳಿಯುವುದಿಲ್ಲ. ಹೊರಗಿನ ಒತ್ತಡ ಇದ್ದ ಹಾಗೇ ಇದ್ದರೆ, ಬಿಸಿಯಾದ ಗಾಳಿ ಹಿಗ್ಗಿ ಹೆಚ್ಚು ಜಾಗ ಹಿಡಿಯುತ್ತದೆ, ತಣಿದರೆ ಕುಗ್ಗುತ್ತದೆ. ಇಷ್ಟೇ. ಪುಸ್ತಕದಲ್ಲಿ ಅದಕ್ಕೆ ಯಾರೋ ಫ್ರೆಂಚ್ ಮನುಷ್ಯನ ಹೆಸರಿದೆ. ನಮ್ಮ ಕುಟುಂಬದಲ್ಲಿ ಮಾತ್ರ ಅದು ಮಾವನ ನಿಯಮ. ಚಿಕ್ಕಂದಿನಲ್ಲಿ ನಾವು ರಜೆಗೆ ಮೂಡುಬಿದಿರೆಯ ಅವರ ಮನೆಗೆ ಹೋದರೆ, ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಿಗಿದು ಫ್ರಿಜ್ಜಿನೊಳಗೆ ಇಡುತ್ತಿದ್ದರು. ಮರುದಿನ ಕೆನ್ನೆ ಒಳಗೆ ಹೋದ ಬಾಟಲಿಯನ್ನು ನಮ್ಮೆದುರು ಹಿಡಿದು, "ಗಾಳಿ ಎಲ್ಲಿಗೆ ಹೋಯಿತು?" ಎಂದು ಕೇಳುವುದು.

"ಹೊರಗೆ ಹೋಯಿತು," ಎನ್ನುತ್ತಿದ್ದೆ ನಾನು.

"ಮುಚ್ಚಳ ಹಾಕಿದೆ ಮಾರಾಯ್ತಿ, ಹೇಗೆ ಹೋಗ್ತದೆ? ಗಾಳಿ ಇದ್ದಷ್ಟೇ ಉಂಟು. ಜಾಗ ಮಾತ್ರ ಕಡಿಮೆ ಆದದ್ದು." ಬಾಟಲಿಯನ್ನು ಬಿಸಿಲಿಗಿಟ್ಟರೆ 'ಟಕ್' ಎಂದು ಕೆನ್ನೆ ಮತ್ತೆ ತುಂಬಿಕೊಳ್ಳುತ್ತಿತ್ತು. ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಅತ್ತೆ ಮಾತ್ರ ಅಡುಗೆಮನೆಯಿಂದ, "ನಮ್ಮ ಫ್ರಿಜ್ಜಿನಲ್ಲಿ ಗಾಳಿ ಬಿಟ್ಟರೆ ಬೇರೆ ಎಂತದ್ದಕ್ಕೂ ಜಾಗ ಇಲ್ಲ!" ಎನ್ನುತ್ತಿದ್ದರು.

ಉಷ್ಣತೆಯ ವಿಷಯದಲ್ಲೂ ಮಾವನ ಲೆಕ್ಕವೇ ಬೇರೆ. ಎಲ್ಲರ ಸೊನ್ನೆ ಅವರಿಗೆ ಸೊನ್ನೆಯಲ್ಲ, ಅದಕ್ಕೆ ಇನ್ನೂರ ಎಪ್ಪತ್ತಮೂರು ಕೂಡಿಸಬೇಕು. ಗಾಳಿಯ ಲೆಕ್ಕ ಸರಿಯಾಗುವುದು ಆಗಲೇ ಅಂತೆ. ಒಂದು ರಜೆಯಲ್ಲಿ ನನಗೆ ಅಲ್ಲೇ ಜ್ವರ ಬಂತು. ಅಮ್ಮ ಬೂತಿನಿಂದ ಫೋನು ಮಾಡಿ ಗಾಬರಿಯಿಂದ, "ಅಣ್ಣ, ಜ್ವರ ಎಷ್ಟುಂಟು?" ಎಂದು ಕೇಳಿದರು.

"ಮುನ್ನೂರ ಹನ್ನೆರಡು," ಎಂದರು ಮಾವ.

ಅಮ್ಮ ಬೂತಿನಲ್ಲೇ ಕುಸಿದು ಕೂತರಂತೆ! ಅತ್ತೆ ಮಾವನ ಕೈಯಿಂದ ರಿಸೀವರ್ ಕಿತ್ತುಕೊಂಡು, ಜ್ವರದ ಕತೆ, ಕಷಾಯದ ಕತೆ, ಇಂಥ ಗಂಡನನ್ನು ಕಟ್ಟಿಕೊಂಡ ತನ್ನ ಹಣೆಬರಹದ ಕತೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಅತ್ತೆಯ ಉಸಿರು ಅಂಥದ್ದು. ಹಸಿ ಕಟ್ಟಿಗೆಯ ಒಲೆಯೂ ಅವರು ಒಮ್ಮೆ ಊದಿದರೆ ಹೆದರಿ ಹೊತ್ತಿಕೊಳ್ಳುತ್ತಿತ್ತು. ಬಲೂನಿಗೆ ನಮ್ಮಲ್ಲಿ ಪುಗ್ಗೆ ಎನ್ನುತ್ತಾರೆ. ಮಕ್ಕಳ ಹುಟ್ಟುಹಬ್ಬ ಯಾರ ಮನೆಯಲ್ಲಿದ್ದರೂ ಪುಗ್ಗೆ ಊದುವ ಕೆಲಸ ಅತ್ತೆಯದೇ. ಊದುತ್ತಾ ನಡುನಡುವೆ ಮಾವನನ್ನು ಬಯ್ಯಲಿಕ್ಕೂ ಅವರ ಹತ್ತಿರ ಉಸಿರು ಉಳಿದಿರುತ್ತಿತ್ತು.

ಪುಗ್ಗೆ ಎಂದಾಗ ಬೆಳ್ತಂಗಡಿಯ ನೆಂಟರ ಮಗುವಿನ ನಾಮಕರಣ ನೆನಪಾಯಿತು. ಎಸಿ ಹಾಲ್, ವೇದಿಕೆಯ ಮೇಲೆ ಕೆಂಪು ಪುಗ್ಗೆಗಳ ದೊಡ್ಡ ಕಮಾನು. ಮಾವ ಹೋದವರೇ ಜೇಬಿನಿಂದ ಒಂದು ನೂಲು ತೆಗೆದರು. ನೂಲು ಯಾಕೆ ಜೇಬಿನಲ್ಲಿತ್ತು ಎಂದು ಕೇಳಬೇಡಿ, ಸದಾ ಇರುತ್ತಿತ್ತು! ಒಂದು ಪುಗ್ಗೆಯ ಹೊಟ್ಟೆಗೆ ಅದನ್ನು ಸುತ್ತಿ ಅಳೆದು, "ಇದನ್ನು ಹೊರಗೆ ಊದಿ ಒಳಗೆ ತಂದದ್ದಲ್ಲವಾ? ಕುಗ್ಗಿದೆ," ಎಂದು ಘೋಷಿಸಿದರು. ಯಾರ ಕಣ್ಣಿಗೂ ಕುಗ್ಗಿದ್ದು ಕಾಣಲಿಲ್ಲ. ಅಷ್ಟಕ್ಕೇ ಬಿಡುವ ಜನವೇ? ನಾಲ್ಕಾರು ಮಂದಿಯನ್ನು ಸೇರಿಸಿ ಇಡೀ ಕಮಾನನ್ನು ಅಂಗಳದ ಮಟಮಟ ಮಧ್ಯಾಹ್ನದ ಬಿಸಿಲಿಗೆ ಹೊರಿಸಿದರು. "ಈಗ ನೋಡಿ, ಹೇಗೆ ಹಿಗ್ಗುತ್ತದೆ!"

ಹಿಗ್ಗಿದವು. ಆಮೇಲೆ ಒಂದರ ಹಿಂದೆ ಒಂದು ಢಂ, ಢಂ, ಢಂ! ಮಗು ಕಿಟಾರನೆ ಕಿರುಚಿತು, ಪುರೋಹಿತರು ಮಂತ್ರ ಮರೆತರು. ಮಾವ ಹರಿದ ರಬ್ಬರಿನ ನಡುವೆ ನಿಂತು ಕೈಯೆತ್ತಿ, "ಆಯ್ತಲ್ಲ, ಸಾಬೀತಾಯ್ತಲ್ಲ!" ಎಂದರು. ಉಳಿದವರೆಲ್ಲ ಗೊಣಗುತ್ತಾ ಊಟಕ್ಕೆ ಎದ್ದರು. ಅತ್ತೆ ಮಾತ್ರ ಊಟಕ್ಕೆ ಹೋಗದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಸ ಕಟ್ಟು ಪುಗ್ಗೆ ತರಿಸಿ ಒಬ್ಬರೇ ಊದಿಕೊಟ್ಟರು. "ಇವರು ಒಡೆಯುವುದು, ನಾನು ಊದುವುದು. ನಮ್ಮ ಸಂಸಾರ ಇಷ್ಟೇ," ಎಂದು ನಗುತ್ತಿದ್ದರು.

ಆ ಅತ್ತೆ ಹೋದ ಮೇಲೆ ಮಾವನ ಪ್ರಯೋಗಗಳೆಲ್ಲ ನಿಂತವು. ಒಂದನ್ನು ಬಿಟ್ಟು. ಅವರ ಮನೆಯಲ್ಲೊಂದು ಗಾಳಿದಿಂಬು ಉಂಟು, ವಿಮಾನದಲ್ಲಿ ಕೂತು ನಿದ್ದೆ ಮಾಡುವವರು ಕತ್ತಿನ ಸುತ್ತ ಹಾಕಿಕೊಳ್ಳುತ್ತಾರಲ್ಲ, ಅದು. ನೀಲಿ ಬಣ್ಣ. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಮಾವ ಅದನ್ನು ತಂದು ಅಂಗಳದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸುತ್ತಾರೆ. ಬಿಸಿಲು ಸರಿದ ಹಾಗೆ ಕುರ್ಚಿಯನ್ನೂ ಸರಿಸುತ್ತಾರೆ. ಮಳೆಯ ದಿನಗಳಲ್ಲಿ ಅದನ್ನು ಬಚ್ಚಲಿನ ಹಂಡೆಯ ಪಕ್ಕದ ಮೊಳೆಗೆ ನೇತು ಹಾಕುತ್ತಿದ್ದರು.

"ಎಂತ ಮಾಷ್ಟ್ರೇ, ಹಪ್ಪಳ ಒಣಗಿಸುವುದಾ?" ಎಂದು ದಾರಿಯಲ್ಲಿ ಹೋಗುವವರು ಕೇಳುತ್ತಿದ್ದರು. ಮಾವ ಉತ್ತರ ಕೊಡುತ್ತಿರಲಿಲ್ಲ. ಪಾಠ ಮಾಡುವ ಅವಕಾಶ ಸಿಕ್ಕಿಯೂ ಮಾವ ಬಾಯಿ ಬಿಡುವುದಿಲ್ಲವೆಂದರೆ! ನಮಗೆ ಆಗಲೇ ಸಂಶಯ ಬರಬೇಕಿತ್ತು.

ವಿಮಾನಕ್ಕೆ ಇನ್ನು ಎರಡೇ ದಿನ. ಮಾವನ ಮಗಳು ನನಗೆ ಫೋನು ಮಾಡಿ, "ಅಪ್ಪನಿಗೆ ನಾನು ಬೇಡವಾದೆನಾ ಅಕ್ಕ?" ಎಂದು ಬಿಕ್ಕಿದಳು. ನನಗೆ ಸಿಟ್ಟು ನೆತ್ತಿಗೇರಿತು. ನೇರ ಮಾವನ ಮನೆಗೆ ಹೋಗಿ, ಅಟ್ಟದಿಂದ ಬ್ಯಾಗು ಇಳಿಸಿ, ಕೈಗೆ ಸಿಕ್ಕಿದ ಅಂಗಿ ಪಂಚೆಗಳನ್ನೆಲ್ಲ ತುಂಬಿಸತೊಡಗಿದೆ.

"ಎಂತದೂ ಮಾತಾಡಬೇಡಿ ಮಾವ. ನೀವು ಹೋಗ್ತೀರಿ ಅಷ್ಟೇ. ಇಗೊಳ್ಳಿ, ಈ ದಿಂಬನ್ನೂ ಇಡುವ. ಗಾಳಿ ತೆಗೆದರೆ ಮೂಲೆಯಲ್ಲಿ ಹಿಡಿಯುತ್ತದೆ. ವಿಮಾನದಲ್ಲಿ ಊದಿಕೊಂಡರಾಯ್ತು."

ದಿಂಬಿನ ಮುಚ್ಚಳಕ್ಕೆ ಉಗುರು ಹಾಕಿದ್ದೆ ಅಷ್ಟೇ.

"ಮುಟ್ಟಬೇಡ!"

ಜೀವಮಾನದಲ್ಲಿ ಮಾವ ನನಗೆ ಗದರಿದ್ದು ಅದೊಂದೇ ಸಲ. ನನ್ನ ಕೈಯಿಂದ ದಿಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮಂಚದ ಮೇಲೆ ಕೂತರು.

"ಮಗಳ ಮನೆಯಿಂದ ಬರುವಾಗ ವಿಮಾನ ನಿಲ್ದಾಣದಲ್ಲಿ ತೆಗೊಂಡದ್ದು ನಿನ್ನ ಅತ್ತೆ. ಇಲ್ಲಿಗೆ ಬಂದ ಮೇಲೆ ಊದಿದಳು, ಟಿವಿ ನೋಡುವಾಗ ಕತ್ತಿಗೆ ಬೇಕು ಅಂತ. ಆಮೇಲೆ ಹೆಚ್ಚು ದಿನ ಇರಲಿಲ್ಲ." ದಿಂಬನ್ನು ತೊಡೆಯ ಮೇಲಿಟ್ಟುಕೊಂಡರು. "ಒಳಗೆ ಇರುವುದು ಅವಳ ಉಸಿರು ಮಾರಾಯ್ತಿ. ಬೆಳಿಗ್ಗೆ ಚಳಿಗೆ ಸೊರಗ್ತದೆ. ಬಿಸಿಲಿಗೆ ಇಟ್ಟರೆ ಮೊದಲಿನ ಹಾಗೆ ತುಂಬಿಕೊಳ್ತದೆ. ಹೆಚ್ಚು ಆಗುವುದಿಲ್ಲ, ಗೊತ್ತುಂಟು. ಇದ್ದಷ್ಟೇ. ಆದರೆ ನೋಡ್ಲಿಕ್ಕೆ ತುಂಬಿದ ಹಾಗೆ ಇರ್ತದಲ್ಲ."

ನಾನು ಬ್ಯಾಗು ಬಿಟ್ಟು ಅವರ ಪಕ್ಕ ಕೂತೆ.

"ವಿಮಾನದಲ್ಲಿ ಒತ್ತಡ ಕಡಿಮೆ. ಅಲ್ಲಿ ಇದು ಉಬ್ಬಿ ಒಡೆದರೆ? ಬಿಟ್ಟು ಹೋದರೆ ಬಿಸಿಲಿಗೆ ಇಡುವವರು ಯಾರು?"

ಇಷ್ಟು ದಿನ ನಾವು ನಕ್ಕ ಆ ಒತ್ತಡದ ಮಾತಿನ ಹಿಂದೆ ಇದ್ದದ್ದು ಇದು. "ನಾನು ಇಡ್ತೇನೆ ಮಾವ," ಎಂದೆ. "ದಿನಾ ಇಡ್ತೇನೆ. ನೀವು ಹೋಗಿ ಮಗುವನ್ನು ನೋಡಿ ಬನ್ನಿ."

ಮಾವ ಹೋದರು. ಮಂಗಳೂರಿನ ವಿಮಾನ ನಿಲ್ದಾಣದವರೆಗೂ ನನಗೆ ಪಾಠ ನಡೆಯಿತು. ಕುರ್ಚಿ ಯಾವ ದಿಕ್ಕಿಗೆ, ಬಿಸಿಲು ಎಷ್ಟು ಹೊತ್ತು, ನೆತ್ತಿ ಬಿಸಿಲು ಖಾರವಾದರೆ ಮೇಲೆ ಮೈ ಒರೆಸುವ ಬೈರಾಸು ಹಾಕಬೇಕು, ಇತ್ಯಾದಿ. ಮರುದಿನ ದುಬೈಯಿಂದ ವಿಡಿಯೋ ಕಾಲ್ ಬಂತು. ಮಗು ಮಾವನ ತೋಳಿನಲ್ಲಿ ಬಾಯಿ ಬಿಟ್ಟು ಅಳುತ್ತಿತ್ತು. ನಡುವೆ ಉಸಿರು ತೆಗೆದುಕೊಳ್ಳುವ ಮಾತೇ ಇಲ್ಲ, ಒಂದೇ ರಾಗ!

"ಕೇಳಿದೆಯಾ ಉಸಿರು? ಯಾರದ್ದು ಹೇಳು?" ಎಂದು ಮಾವ ನಗುತ್ತಿದ್ದರು. ಕಣ್ಣಲ್ಲಿ ನೀರು. ಆಮೇಲೆ ಸ್ವರ ತಗ್ಗಿಸಿ, "ಅಲ್ಲಿ ಹೇಗುಂಟು? ತುಂಬಿದೆಯಾ?" ಎಂದರು. ನಾನು ಫೋನನ್ನು ಅಂಗಳದ ಕುರ್ಚಿಯ ಕಡೆ ತಿರುಗಿಸಿದೆ.

ಈಗ ದಾರಿಯಲ್ಲಿ ಹೋಗುವವರು ಹಪ್ಪಳದ ಪ್ರಶ್ನೆಯನ್ನು ನನ್ನ ಹತ್ತಿರ ಕೇಳುತ್ತಾರೆ. ಸೋದರಮಾವನ ಹುಚ್ಚು ಸೊಸೆಗೆ ಎನ್ನುತ್ತಾರೆ, ಎನ್ನಲಿ. ದಿಂಬಿನ ಗಾಳಿ ಎಲ್ಲೋ ಸಣ್ಣಗೆ ಸೋರುತ್ತಿದೆ. ಬೆಳಿಗ್ಗೆ ಮುಟ್ಟಿದರೆ ಕೈಯಲ್ಲಿ ಮೆತ್ತಗೆ ಮಡಚಿಕೊಳ್ಳುತ್ತದೆ. ಒಂದು ಸಲ ಬಾಯಿಟ್ಟು ಊದಿದರೆ ಸರಿಯಾದೀತು. ನಾನು ಊದುವುದಿಲ್ಲ. ಬಿಸಿಲಿಗೆ ಇನ್ನಷ್ಟು ಹೊತ್ತು ಇಡುತ್ತೇನೆ.

ಬೆಳಿಗ್ಗೆ ಮಾವನ ಕಾಲ್ ಬಂದರೆ ನಾನು ಎತ್ತುತ್ತಿರಲಿಲ್ಲ. ಮಧ್ಯಾಹ್ನ ದಿಂಬು ತುಂಬಿಕೊಂಡ ಮೇಲೆ ನಾನೇ ಮಾಡಿ ತೋರಿಸುತ್ತಿದ್ದೆ. ಈಚೆಗೆ ಮಾವನೂ ಬೆಳಿಗ್ಗೆ ಮಾಡುವುದನ್ನು ಬಿಟ್ಟು, ಮಧ್ಯಾಹ್ನದವರೆಗೆ ಕಾಯುತ್ತಾರೆ.